ತಟ್ಟೆಯಲ್ಲಿ ಹಾಕಿದ್ದನ್ನು ಮುಟ್ಟದ ನಾಯಿ ನಮ್ಮ ಊಟದ ಹೊತ್ತಿಗೆ ಬೊಗಳುತ್ತದೆ, ಏನು ಮಾಡಲಿ?

ಪ್ರಶ್ನೆ: ನಮ್ಮ ಮನೆ ಮೂಡಿಗೆರೆಯ ಹತ್ತಿರ. ಮೂರು ವರ್ಷದ ಪೊಮೆರೇನಿಯನ್ ಸಾಕಿದ್ದೇವೆ. ಬೆಳಿಗ್ಗೆ ಹಾಕಿದ ಊಟ ಸಂಜೆಯವರೆಗೂ ಹಾಗೇ ಇರುತ್ತದೆ. ನಾವು ಊಟಕ್ಕೆ ಕುಳಿತರೆ ಮಾತ್ರ ಕಾಲಬಳಿ ಬಂದು ಬೊಗಳುತ್ತದೆ. ಅತ್ತೆ ಕೈಯಾರೆ ತಿನ್ನಿಸಿದರೆ ತಿನ್ನುತ್ತದೆ. ಇದನ್ನು ಬಿಡಿಸುವುದು ಹೇಗೆ?

ಉತ್ತರ: ನಿಮ್ಮ ನಾಯಿಯದು ಹಟವಲ್ಲ. ಸ್ವಲ್ಪ ಕಾದರೆ ಇದಕ್ಕಿಂತ ರುಚಿಯಾದದ್ದು ಸಿಗುತ್ತದೆ ಎಂದು ಅದು ಮನೆಯವರಿಂದಲೇ ಕಲಿತಿದೆ. ಐದು ಕಿಲೋ ತೂಗುವ ನಾಯಿಗೆ ದಿನಕ್ಕೆ ಹೆಚ್ಚುಕಡಿಮೆ 350 ಕ್ಯಾಲೊರಿ ಸಾಕು. ಬೆಳಗಿನ ಕಾಫಿಯ ಹೊತ್ತಿಗೆ ಕೊಡುವ ನಾಲ್ಕು ಗ್ಲೂಕೋಸ್ ಬಿಸ್ಕತ್ತಿನಲ್ಲೇ ನೂರರ ಹತ್ತಿರ ಆಗುತ್ತದೆ. ಮೇಲೆ ಒಂದು ಚೂರು ಅಕ್ಕಿರೊಟ್ಟಿ, ಒಂದು ತುತ್ತು ಮೊಸರನ್ನ. ಇನ್ನು ಹಸಿವು ಎಲ್ಲಿಂದ ಬರಬೇಕು?

ಆದರೆ ಅಭ್ಯಾಸ ತಿದ್ದುವ ಮೊದಲು ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ತೋಟದಲ್ಲಿ ಓಡಾಡುವ ನಾಯಿಗೆ ಉಣ್ಣೆ ಹತ್ತುತ್ತದೆ, ಉಣ್ಣೆಯಿಂದ ಬರುವ ಜ್ವರದಲ್ಲಿ ಊಟ ಬಿಡುವುದು ಸಾಮಾನ್ಯ. ತುಟಿ ಎತ್ತಿ ನೋಡಿ: ವಸಡು ಬಿಳಿಚಿಕೊಂಡಿದ್ದರೆ, ಹಲ್ಲಿನ ಬುಡದಲ್ಲಿ ಕಂದು ಪಾಚಿ ಕಟ್ಟಿ ಬಾಯಿ ನಾರುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ. ಸಣ್ಣ ತಳಿಗಳ ಕಿರಿದಾದ ದವಡೆಯಲ್ಲಿ ಹಲ್ಲುಗಳು ಒತ್ತೊತ್ತಾಗಿರುವುದರಿಂದ ಈ ತೊಂದರೆ ಬೇಗ ಬರುತ್ತದೆ.

ಆರೋಗ್ಯ ಸರಿಯಿದ್ದರೆ ದಿನಕ್ಕೆ ಎರಡೇ ಊಟ, ಪ್ರತಿದಿನ ಅದೇ ಹೊತ್ತಿಗೆ, ಅದೇ ಮೂಲೆಯಲ್ಲಿ. ತಟ್ಟೆ ಇಟ್ಟು ಇಪ್ಪತ್ತು ನಿಮಿಷ ಬಿಡಿ. ಗೋಗರೆಯಬೇಡಿ, ಎದುರು ಕುಳಿತು ನೋಡಲೂ ಬೇಡಿ. ಉಳಿದರೆ ಎತ್ತಿಡಿ, ಮುಂದಿನ ಊಟದವರೆಗೆ ನೀರು ಮಾತ್ರ. ಮರಿಗಳಿಗೆ ಈ ಕ್ರಮ ಬೇಡವೇ ಬೇಡ. ಪುಟ್ಟ ತಳಿಯ ಮರಿ ಹಸಿದರೆ ರಕ್ತದ ಸಕ್ಕರೆ ಇಳಿದು ನಡುಗಿ ಬಿದ್ದುಬಿಡಬಹುದು, ಅದಕ್ಕೆ ದಿನಕ್ಕೆ ಮೂರು ನಾಲ್ಕು ಸಲ ಕೊಡಬೇಕು. ಬೆಳೆದ ನಾಯಿಯೂ ಇಡೀ ಒಂದು ದಿನ ಏನನ್ನೂ ಮುಟ್ಟದಿದ್ದರೆ ವೈದ್ಯರನ್ನು ಕಾಣಿ.

ತಟ್ಟೆ ಇಡುವ ಕ್ಷಣವೇ ಪಾಠದ ಹೊತ್ತು. ತಟ್ಟೆ ಹಿಡಿದು 'ಕೂರು' ಎನ್ನಿ. ಕುಂಡೆ ನೆಲಕ್ಕೆ ತಾಗಿದೊಡನೆ ನಿಧಾನವಾಗಿ ಕೆಳಗಿಳಿಸಿ. ನಾಯಿ ಎದ್ದಿತೋ, ಬೈಯದೆ ತಟ್ಟೆಯನ್ನು ಮತ್ತೆ ಮೇಲೆತ್ತಿ. ನಮ್ಮ ಚಿನ್ನು ಮೊದಲ ದಿನ ಏಳೆಂಟು ಸಲ ಎದ್ದಿತ್ತು. ನಾಲ್ಕನೆಯ ದಿನ ತಟ್ಟೆಯ ಸದ್ದು ಕೇಳಿದ ಕೂಡಲೇ ಮೂಲೆಗೆ ಹೋಗಿ ಕುಳಿತು, ಬಾಲದಿಂದ ನೆಲ ಗುಡಿಸುತ್ತ ಕಾಯುತ್ತಿತ್ತು.

ನೀವು ಊಟಕ್ಕೆ ಕೂರುವ ಮೊದಲೇ ಅದಕ್ಕೆ ಹಾಕಿಬಿಡಿ. ಆಮೇಲೆ ಬೊಗಳಿದರೆ ಯಾರೂ ತಿರುಗಿ ನೋಡಬಾರದು. ಮೊದಲ ಕೆಲವು ದಿನ ಬೊಗಳುವುದು ಇನ್ನೂ ಜೋರಾಗುತ್ತದೆ, ಕೈಚೆಲ್ಲಬೇಡಿ. ಹತ್ತು ಸಲ ಗಟ್ಟಿಯಾಗಿದ್ದು ಹನ್ನೊಂದನೆಯ ಸಲ ಒಂದು ತುತ್ತು ಕೊಟ್ಟರೆ, ಹನ್ನೊಂದು ಸಲ ಬೊಗಳಬೇಕು ಎಂದು ಅದು ಕಲಿಯುತ್ತದೆ. ಕೋಳಿಸಾರಿನ ಅನ್ನವಂತೂ ಬೇಡ: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದ ಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ.

ನಿಮ್ಮ ಕಡೆಯ ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಬಾಯಿ ತೆರೆದಿಟ್ಟ ಚೀಲದಲ್ಲಿ ಒಣ ಆಹಾರ ಮೆತ್ತಗಾಗಿ ಮುಗ್ಗಲು ಹಿಡಿಯುತ್ತದೆ. ನಮ್ಮ ಮೂಗಿಗೆ ಗೊತ್ತಾಗುವ ಮೊದಲೇ ನಾಯಿಗೆ ಗೊತ್ತಾಗುತ್ತದೆ. ಸಣ್ಣ ಚೀಲ ತಂದು ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಮಳೆಯೆಂದು ನಡಿಗೆ ತಪ್ಪಿದ ದಿನ ಜಗಲಿಯಲ್ಲೇ ಹತ್ತು ನಿಮಿಷ ಚೆಂಡು ಎಸೆದು ಆಡಿಸಿ, ಹಸಿವಾಗುತ್ತದೆ.

ಇನ್ನು ಅತ್ತೆಯವರ ವಿಷಯ. ಅವರ ಪ್ರೀತಿಗೆ ಅಡ್ಡ ಬರಬೇಡಿ. ಎರಡು ಹೊತ್ತೂ ತಟ್ಟೆ ಇಡುವ ಕೆಲಸವನ್ನು ಅವರಿಗೇ ಒಪ್ಪಿಸಿ, 'ಕೂರು' ಎಂದು ಹೇಳುವವರೂ ಅವರೇ ಆಗಲಿ.