ಅಪರಾಧಶಾಸ್ತ್ರದ ಪಾತ್‌ವೇ ಡಿಪ್ಲೊಮಾ: ಸೇರುವ ಮುನ್ನ ತಿಳಿದಿರಬೇಕಾದದ್ದು

ಅಪರಾಧಶಾಸ್ತ್ರದ ಪಾತ್‌ವೇ ಡಿಪ್ಲೊಮಾಗೆ, ಅಂದರೆ ಪದವಿಯ ಎರಡನೇ ವರ್ಷಕ್ಕೆ ದಾರಿ ಮಾಡಿಕೊಡುವ ಕೋರ್ಸಿಗೆ, ಸೇರಲು ಬರುವ ಹುಡುಗ ಹುಡುಗಿಯರು ಮೊದಲು ವಿಚಾರಿಸುವುದು ಬೆರಳಚ್ಚು, ರಕ್ತದ ಕಲೆ, ಡಿಎನ್‌ಎ ಕುರಿತು. ಅದು ವಿಧಿವಿಜ್ಞಾನ (ಫೊರೆನ್ಸಿಕ್); ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರ ಕ್ಷೇತ್ರ. ನಾವು ಕಲಿಸುವುದು ಸಮಾಜವಿಜ್ಞಾನ. ಒಂದೇ ಊರಿನ ಕೆಲವು ಬೀದಿಗಳಲ್ಲೇ ಕಳ್ಳತನ ಯಾಕೆ ಹೆಚ್ಚು? ಹದಿಹರೆಯದಲ್ಲಿ ಪೊಲೀಸರ ಕೈಗೆ ಸಿಕ್ಕವರಲ್ಲಿ ಹೆಚ್ಚಿನವರು ದೊಡ್ಡವರಾದಂತೆ ಆ ದಾರಿ ಬಿಡುವುದು ಹೇಗೆ? ಶಿಕ್ಷೆ ಹೆಚ್ಚಿಸಿದರೆ ಅಪರಾಧ ಇಳಿಯುತ್ತದೆಯೇ? ಪೊಲೀಸ್, ನ್ಯಾಯಾಲಯ, ಜೈಲು, ಪ್ರೊಬೇಷನ್ (ತಪ್ಪಿತಸ್ಥರನ್ನು ಜೈಲಿಗೆ ಕಳಿಸದೆ ಅಧಿಕಾರಿಯ ನಿಗಾದಲ್ಲಿ ಹೊರಗಿರಿಸುವುದು) ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದು ಅಪರಾಧ ನ್ಯಾಯ ವ್ಯವಸ್ಥೆಯ ಪಾಠ. ಈ ವ್ಯತ್ಯಾಸ ತಿಳಿಯದೆ ಶುಲ್ಕ ಕಟ್ಟಿದವರಿಗೆ ಬೇಗನೆ ಬೇಸರ ಬರುತ್ತದೆ.

ಪದವಿಗೆ ನೇರವಾಗಿ ಸೇರುವಷ್ಟು ಅಂಕ ಬಾರದವರು, ಕೆಲವು ವರ್ಷ ದುಡಿದು ಮತ್ತೆ ಓದಿಗೆ ಮರಳಿದವರು, ಕಲಿಕೆಯ ಭಾಷೆಯಲ್ಲಿ ಇನ್ನೂ ಹಿಡಿತ ಸಿಗದವರು ಈ ಡಿಪ್ಲೊಮಾಗೆ ಬರುತ್ತಾರೆ. ಇಲ್ಲಿನ ವಿಷಯಗಳು ಸಾಮಾನ್ಯವಾಗಿ ಪದವಿಯ ಮೊದಲ ವರ್ಷದವೇ. ನಿಗದಿತ ಸರಾಸರಿ ಅಂಕದೊಂದಿಗೆ ಮುಗಿಸಿದರೆ ಇಲ್ಲಿ ಓದಿ ಗಳಿಸಿದ ಕ್ರೆಡಿಟ್ (ಮುಗಿಸಿದ ವಿಷಯಗಳ ಲೆಕ್ಕ) ವರ್ಗಾವಣೆಯಾಗಿ, ಒಪ್ಪಂದವಿರುವ ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷಕ್ಕೆ ಪ್ರವೇಶ ಸಿಗುತ್ತದೆ. ಇದನ್ನು ಹಿಂಬಾಗಿಲು ಎಂದು ಹೀಗಳೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ನೂರಾರು ಜನ ಕೂರುವ ಸಭಾಂಗಣದಲ್ಲಿ ಈ ಶಾಸ್ತ್ರದ ಮೊದಲ ಪಾಠ ಕೇಳುವುದಕ್ಕಿಂತ, ಎದುರು ಮಾತಾಡಲು ಅವಕಾಶವಿರುವ ಚಿಕ್ಕ ತರಗತಿಯಲ್ಲಿ ಕೇಳುವುದೇ ಒಳ್ಳೆಯದು. ಯಾಕೆಂದರೆ ಅಪರಾಧದ ಬಗ್ಗೆ ಎಲ್ಲರೂ ಮೊದಲೇ ಒಂದು ತೀರ್ಮಾನ ಹೊತ್ತೇ ಬಂದಿರುತ್ತಾರೆ. ಅದನ್ನು ಬಾಯಿಬಿಟ್ಟು ಹೇಳಿ, ಪುರಾವೆಯ ಮುಂದಿಟ್ಟು ನೋಡದಿದ್ದರೆ ಕಲಿಕೆ ಶುರುವಾಗುವುದೇ ಇಲ್ಲ.

ಒಂದು ಉದಾಹರಣೆ ಕೊಡುತ್ತೇನೆ. 1945ರಲ್ಲಿ ಹುಟ್ಟಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಳೆದ 9,945 ಹುಡುಗರ ದಾಖಲೆಗಳನ್ನು ಅಪರಾಧಶಾಸ್ತ್ರಜ್ಞ ಮಾರ್ವಿನ್ ವೋಲ್ಫ್‌ಗ್ಯಾಂಗ್ ಮತ್ತು ಸಂಗಡಿಗರು ಪರಿಶೀಲಿಸಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಹುಡುಗರಲ್ಲಿ ಶೇ 6ರಷ್ಟು ಮಂದಿಯೇ ದಾಖಲಾದ ಅಪರಾಧಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಮಾಡಿದ್ದರು. ಇದನ್ನು ಹೇಳಿದೊಡನೆ ತರಗತಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ: ‘ಹಾಗಾದರೆ ಆ ಶೇ 6ರಷ್ಟು ಜನರನ್ನು ಮೊದಲೇ ಹಿಡಿದು ಒಳಗೆ ಹಾಕಿದರಾಯಿತಲ್ಲ!’ ಆಗ ನಾನು ಕೇಳುತ್ತೇನೆ, ಹತ್ತು ವರ್ಷದ ಹುಡುಗನೊಬ್ಬ ಮುಂದೆ ಅವರಲ್ಲಿ ಒಬ್ಬನಾಗುತ್ತಾನೆಂದು ಹೇಗೆ ಗುರುತಿಸುತ್ತೀರಿ? ಸಂಶೋಧಕರು ಲೆಕ್ಕ ಹಾಕಿದ್ದು ಎಲ್ಲ ಆದ ಮೇಲೆ, ಹಿಂತಿರುಗಿ ನೋಡಿ. ಮುಂದಾಗಿ ಗುರುತಿಸಲು ಹೊರಟರೆ, ಏನೂ ಮಾಡದೆ ಬೆಳೆಯುತ್ತಿದ್ದ ಅದೆಷ್ಟೋ ಮಕ್ಕಳೂ ಬಲೆಗೆ ಬೀಳುತ್ತಾರೆ. ಇನ್ನೊಂದು ತೊಡಕೂ ಇದೆ. ಲೆಕ್ಕಕ್ಕೆ ಸಿಕ್ಕಿದ್ದು ಪೊಲೀಸ್ ದಾಖಲೆಗೆ ಬಂದದ್ದು ಮಾತ್ರ. ಗಸ್ತು ಹೆಚ್ಚಿರುವ ಬಡಾವಣೆಯ ಹುಡುಗ ಸಿಕ್ಕಿಬೀಳುವುದೂ ಹೆಚ್ಚು. ಒಂದೇ ಅಂಕಿಯ ಸುತ್ತ ಇಷ್ಟು ಚರ್ಚೆಯಾಗುವ ಹೊತ್ತಿಗೆ ತರಗತಿಯ ಧಾಟಿಯೇ ಬದಲಾಗಿರುತ್ತದೆ.

ಹಾದಿ ತಪ್ಪುತ್ತಿರುವ ಹುಡುಗರನ್ನು ಜೈಲಿಗೆ ಕರೆದೊಯ್ದು, ಕೈದಿಗಳಿಂದಲೇ ಗದರಿಸಿ ಹೆದರಿಸುವ ಕಾರ್ಯಕ್ರಮಗಳೂ ಹಾಗೆಯೇ. ಕೇಳಿದವರಿಗೆಲ್ಲ ಸರಿ ಅನ್ನಿಸುತ್ತದೆ. ಆದರೆ ಹುಡುಗರನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿಸಿ ನಡೆಸಿದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜೈಲು ನೋಡಿ ಬಂದವರೇ ಮುಂದೆ ಹೆಚ್ಚು ತಪ್ಪು ಮಾಡಿದ್ದು ಕಂಡುಬಂತು. ಒಳ್ಳೆಯ ಉದ್ದೇಶದಿಂದಲೂ ಮಕ್ಕಳಿಗೆ ಹಾನಿಯಾಗಬಹುದು ಎಂಬ ಈ ಅರಿವು ನಾಳೆ ಪ್ರೊಬೇಷನ್ ಅಧಿಕಾರಿಯಾಗುವವರಿಗೆ ಅತ್ಯಗತ್ಯ. ಶಿಕ್ಷೆಯ ಕಾಠಿಣ್ಯಕ್ಕಿಂತ ಶಿಕ್ಷೆ ತಪ್ಪದು ಎಂಬ ಖಚಿತತೆಯೇ ಅಪರಾಧವನ್ನು ತಡೆಯುತ್ತದೆ ಎಂದು ಇಟಲಿಯ ಚಿಂತಕ ಚೆಸಾರೆ ಬೆಕ್ಕಾರಿಯಾ 1764ರಲ್ಲೇ ವಾದಿಸಿದ್ದರು. ನಂತರದ ಸಂಶೋಧನೆಗಳೂ ಬಹುಮಟ್ಟಿಗೆ ಅತ್ತಲೇ ಬೆರಳು ಮಾಡುತ್ತವೆ.

ವಿದ್ಯಾರ್ಥಿಗಳು ಎಡವುವುದು ಬರವಣಿಗೆಯಲ್ಲಿ. ಅಭಿಪ್ರಾಯ ಬರೆದು ಪುಟ ತುಂಬಿಸುತ್ತಾರೆ, ಆಧಾರ ಕೊಡುವುದಿಲ್ಲ. ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರವೂ ಇರುತ್ತವೆ. ಶೇಕಡಾವಾರು, ಸರಾಸರಿ, ಪಟ್ಟಿ ಓದುವುದು ಬಂದರೆ ಆರಂಭಕ್ಕೆ ಸಾಕು.

ಸೇರುವ ಮುನ್ನ ಒಂದು ಕೆಲಸ ತಪ್ಪದೆ ಮಾಡಿ. ಯಾವ ವಿಶ್ವವಿದ್ಯಾಲಯದ ಯಾವ ಪದವಿಗೆ, ಎಷ್ಟು ಕ್ರೆಡಿಟ್, ಎಷ್ಟು ಸರಾಸರಿಗೆ ಮಾನ್ಯವಾಗುತ್ತದೆ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಪ್ರವೇಶ ವಿಭಾಗದವರ ಬಾಯಿಮಾತು ನಂಬಿ ಕೂರಬೇಡಿ; ಆ ವಿಶ್ವವಿದ್ಯಾಲಯಕ್ಕೇ ಬರೆದು ಕೇಳಿ. ಒಪ್ಪಂದದ ಹೊರಗಿನ ಸಂಸ್ಥೆ ಈ ಕ್ರೆಡಿಟ್ ಒಪ್ಪಲೇಬೇಕೆಂದಿಲ್ಲ. ಈ ಡಿಪ್ಲೊಮಾ ಒಂದನ್ನೇ ಹಿಡಿದು ಹೊರಟರೆ ಕೆಲಸದ ಅವಕಾಶ ಕಡಿಮೆ. ವಕೀಲರಾಗಬೇಕೆಂದರೆ ಕಾನೂನು ಪದವಿ ಬೇರೆಯೇ ಬೇಕು. ಪೊಲೀಸ್ ಮತ್ತು ಕಾರಾಗೃಹ ಇಲಾಖೆಗಳ ನೇಮಕಾತಿಗೆ ಅವುಗಳದೇ ಪರೀಕ್ಷೆ, ದೇಹದಾರ್ಢ್ಯ ಪರೀಕ್ಷೆ, ಪೂರ್ವಾಪರ ತಪಾಸಣೆ ಇರುತ್ತವೆ.

ಇನ್ನು, ಈ ಓದಿಗೆ ಬರುವವರಲ್ಲಿ ಅಪರಾಧದ ಪೆಟ್ಟು ತಿಂದ ಮನೆಯವರೂ ಇರುತ್ತಾರೆ, ಮನೆಯಲ್ಲೊಬ್ಬರು ಜೈಲಿನಲ್ಲಿರುವವರೂ ಇರುತ್ತಾರೆ. ಕೌಟುಂಬಿಕ ಹಿಂಸೆ, ಲೈಂಗಿಕ ದೌರ್ಜನ್ಯದ ಪಾಠ ಬಂದಾಗ ಅವರಿಗೆ ಕೂತು ಕೇಳುವುದೇ ಕಷ್ಟ. ಅಂಥವರು ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಯಾವ ವಾರದ ಪಾಠ ತಡೆದುಕೊಳ್ಳಲು ಆಗದು ಎಂದಷ್ಟೇ ಅಧ್ಯಾಪಕರಿಗೆ ಮೊದಲೇ ತಿಳಿಸಲಿ. ಆ ವಾರದ ಪ್ರಬಂಧಕ್ಕೆ ಬೇರೆ ವಿಷಯ ಕೊಡುವುದು ನಮಗೆ ದೊಡ್ಡ ಕೆಲಸವೇನಲ್ಲ.