ಎರಡು ನ್ಯೂಕ್ಲಿಯಸ್‌ಗಳ ಅಮೀಬಾ: ಆರ್‌ಎನ್‌ಎ ಹುಟ್ಟುವ ಜಾಗವನ್ನು ಹುಡುಕಿದ ಬಗೆ

1940ರ ಸುಮಾರಿಗೆ ಸ್ವೀಡನ್ನಿನ ಕ್ಯಾಸ್ಪರ್‌ಸನ್ ನೇರಳಾತೀತ ಬೆಳಕಿನ ಹೀರಿಕೆಯನ್ನು ಅಳೆದು, ಬೆಲ್ಜಿಯಂನ ಬ್ರಾಷೆ ಬಣ್ಣಗಳನ್ನೂ ಆರ್‌ಎನ್‌ಎ ಕರಗಿಸುವ ಕಿಣ್ವವನ್ನೂ ಬಳಸಿ, ಒಂದೇ ನಿರ್ಣಯಕ್ಕೆ ಬಂದರು: ಪ್ರೋಟೀನ್ ಹೇರಳವಾಗಿ ತಯಾರಾಗುವ ಕೋಶಗಳಲ್ಲಿ ಆರ್‌ಎನ್‌ಎ ಕೂಡ ಹೇರಳವಾಗಿರುತ್ತದೆ. ಆದರೆ ಕೋಶದ್ರವ್ಯದಲ್ಲಿ ಕಾಣುವ ಆ ಆರ್‌ಎನ್‌ಎ ಅಲ್ಲಿಯೇ ಹುಟ್ಟಿದ್ದೋ, ನ್ಯೂಕ್ಲಿಯಸ್‌ನಿಂದ ಬಂದದ್ದೋ ಎಂಬುದು ಇದರಿಂದ ತಿಳಿಯುವುದಿಲ್ಲ.

ಈ ಪ್ರಶ್ನೆಯನ್ನು 1955ರಲ್ಲಿ ಗೋಲ್ಡ್‌ಸ್ಟೀನ್ ಮತ್ತು ಪ್ಲೌಟ್ ಅಮೀಬಾದ ಮೇಲೆ ಪರೀಕ್ಷಿಸಿದರು. ವಿಕಿರಣಶೀಲ ರಂಜಕ-32 ಸೇರಿಸಿ ಬೆಳೆಸಿದ ಟೆಟ್ರಾಹೈಮೆನಾ ಎಂಬ ಏಕಕೋಶ ಜೀವಿಗಳನ್ನು ಅಮೀಬಾಗಳಿಗೆ ತಿನ್ನಿಸಿ, ಹಾಗೆ ವಿಕಿರಣದ ಗುರುತು ಪಡೆದ ಅಮೀಬಾದ ನ್ಯೂಕ್ಲಿಯಸ್ಸನ್ನು ಗುರುತಿಲ್ಲದ, ನ್ಯೂಕ್ಲಿಯಸ್ ತೆಗೆದ ಅಮೀಬಾದೊಳಗೆ ಕಸಿಮಾಡಿದರು. ಕೆಲವು ಗಂಟೆಗಳ ನಂತರ ಗುರುತು ಕೋಶದ್ರವ್ಯದಲ್ಲಿ ಕಾಣಿಸಿತು. ಆರ್‌ಎನ್‌ಎ ಕರಗಿಸುವ ಕಿಣ್ವ ಹಾಕಿದರೆ ಅದು ಅಳಿಸಿಹೋಯಿತು. ಹಾಗಾದರೆ ಆರ್‌ಎನ್‌ಎ ನ್ಯೂಕ್ಲಿಯಸ್‌ನಿಂದ ಹೊರಬಂದಿತು ಎಂದು ಇಲ್ಲಿಗೇ ಮುಗಿಸಬಹುದೆಂದು ನಾನು ತಿಳಿದಿದ್ದೆ. ಹಾಗೆ ಮುಗಿಸಲಾಗದು.

ಆಕ್ಷೇಪ ಹೀಗಿದೆ: ನ್ಯೂಕ್ಲಿಯಸ್‌ನ ಆರ್‌ಎನ್‌ಎ ಒಳಗೇ ಒಡೆದು, ಅದರ ಚಿಕ್ಕ ತುಣುಕುಗಳು ಅಥವಾ ಬರಿಯ ಫಾಸ್ಫೇಟ್ ಹೊರಗೆ ಸೋರಿ, ಅವುಗಳಿಂದ ಕೋಶದ್ರವ್ಯವೇ ತನ್ನ ಆರ್‌ಎನ್‌ಎಯನ್ನು ಕಟ್ಟಿಕೊಂಡಿರಬಹುದು, ಆಗಲೂ ಫಲಿತಾಂಶ ಹೀಗೆಯೇ ಕಾಣುತ್ತದೆ. ಇದನ್ನು ಬೇರ್ಪಡಿಸಲು ಅವರು ಗುರುತಿನ ನ್ಯೂಕ್ಲಿಯಸ್ಸನ್ನು ತನ್ನದೇ ನ್ಯೂಕ್ಲಿಯಸ್ ಇರುವ ಅಮೀಬಾಕ್ಕೂ ಕಸಿಮಾಡಿದರು. ಅಲ್ಲಿ ಕೋಶದ್ರವ್ಯಕ್ಕೆ ಗುರುತು ಬಂದರೂ, ಆತಿಥೇಯ ನ್ಯೂಕ್ಲಿಯಸ್‌ಗೆ ಗಣನೀಯವಾಗಿ ಬರಲಿಲ್ಲ.

ಈ ಕೊನೆಯ ವಾಕ್ಯವನ್ನು ನಾನು ನಾಲ್ಕು ಬಾರಿ ಓದಿದೆ. ‘ಆರ್‌ಎನ್‌ಎ ಮರಳಿ ನ್ಯೂಕ್ಲಿಯಸ್‌ಗೆ ಹೋಗುವುದಿಲ್ಲ, ಅಷ್ಟೇ ತಾನೆ’ ಎಂದುಕೊಂಡು ಮುಂದೆ ಸಾಗಿದ್ದೇ ನನ್ನ ತಪ್ಪು. ಒಬ್ಬರು ಮನೆ ಕೆಡವಿ ಕೆಂಪು ಬಣ್ಣದ ಇಟ್ಟಿಗೆಗಳನ್ನು ಬೀದಿಗೆ ಎಸೆಯುತ್ತಿದ್ದು, ಪಕ್ಕದಲ್ಲೇ ಇನ್ನೊಬ್ಬರು ಮನೆ ಕಟ್ಟುತ್ತಿದ್ದಾರೆಂದುಕೊಳ್ಳಿ. ಬಿಡಿ ಇಟ್ಟಿಗೆಗಳೇ ಬೀದಿಯಲ್ಲಿದ್ದರೆ ಅವು ಹೊಸ ಗೋಡೆಯಲ್ಲೂ ಕಾಣಲೇಬೇಕು. ಬೀದಿಯೆಲ್ಲ ಕೆಂಪಾಗಿದ್ದೂ ಹೊಸ ಗೋಡೆಯಲ್ಲಿ ಕೆಂಪು ಇಲ್ಲವೆಂದರೆ, ಬೀದಿಗೆ ಬಂದದ್ದು ಬಿಡಿ ಇಟ್ಟಿಗೆಯಲ್ಲ, ಕಟ್ಟಿದ ಗೋಡೆಯೇ. ಆತಿಥೇಯ ನ್ಯೂಕ್ಲಿಯಸ್ ಹೀಗೆ ಸದಾ ಆರ್‌ಎನ್‌ಎ ಕಟ್ಟುತ್ತಿರುವ ಮನೆ. ಅದು ಗುರುತಿಲ್ಲದೆ ಉಳಿದದ್ದೇ ಸಾಕ್ಷಿ. ಕೋಶದ್ರವ್ಯದ ಆರ್‌ಎನ್‌ಎಯೆಲ್ಲ ನ್ಯೂಕ್ಲಿಯಸ್‌ನದೇ ಎಂದು ಮಾತ್ರ ಇದರಿಂದ ಸಾಧಿತವಾಗುವುದಿಲ್ಲ.

ಪ್ರೋಟೀನ್ ಎಲ್ಲಿ ತಯಾರಾಗುತ್ತದೆಂಬ ವಿಷಯ ಇಷ್ಟು ನೇರವಾಗಿರಲಿಲ್ಲ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಆಲ್‌ಫ್ರೇ ಮತ್ತು ಮರ್ಸ್ಕಿ ಕರುವಿನ ಥೈಮಸ್ ಗ್ರಂಥಿಯಿಂದ ಬೇರ್ಪಡಿಸಿದ ನ್ಯೂಕ್ಲಿಯಸ್‌ಗಳು ವಿಕಿರಣಶೀಲ ಅಮೈನೋ ಆಮ್ಲಗಳನ್ನು ಪ್ರೋಟೀನ್‌ಗೆ ಸೇರಿಸಿಕೊಳ್ಳುವುದನ್ನು ತೋರಿಸಿದರು. ಡಿಎನ್‌ಎ ಕರಗಿಸಿದರೆ ಈ ಕ್ರಿಯೆ ಕುಗ್ಗಿತು, ಡಿಎನ್‌ಎ ಮರಳಿ ಸೇರಿಸಿದರೆ ಚೇತರಿಸಿತು. ಡಿಎನ್‌ಎಯೇ ಪ್ರೋಟೀನ್‌ನ ನೇರ ಅಚ್ಚು ಎಂದು ಇಲ್ಲಿ ಬರೆದುಕೊಳ್ಳಬೇಡಿ: ಋಣ ವಿದ್ಯುದಂಶವುಳ್ಳ ಬೇರೆ ದೊಡ್ಡ ಅಣುಗಳೂ ಇದೇ ಪರಿಣಾಮ ನೀಡಿದವು, ಮತ್ತು ಅವರು ಅದನ್ನು ನ್ಯೂಕ್ಲಿಯಸ್‌ನೊಳಗಿನ ಎಟಿಪಿ (ಕೋಶಕ್ಕೆ ಶಕ್ತಿ ಒದಗಿಸುವ ಅಣು) ತಯಾರಿಕೆಯೊಂದಿಗೆ ಜೋಡಿಸಿದರು. ನ್ಯೂಕ್ಲಿಯಸ್ ತೆಗೆದ ಅಸೆಟಾಬುಲೇರಿಯಾ ಪಾಚಿಯ ತುಂಡು ವಾರಗಟ್ಟಲೆ ಪ್ರೋಟೀನ್ ತಯಾರಿಸುತ್ತದೆಂಬ ಬ್ರಾಷೆಯವರ ಅವಲೋಕನವನ್ನೂ ಪಕ್ಕದಲ್ಲಿಟ್ಟುಕೊಂಡರೆ, ಪ್ರೋಟೀನ್ ತಯಾರಿಕೆಗೆ ನ್ಯೂಕ್ಲಿಯಸ್ ಪ್ರತಿಕ್ಷಣವೂ ಇರಲೇಬೇಕೆಂದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಎರಡೂ ಪ್ರಶ್ನೆಗಳನ್ನು ಒಂದೇ ಜೀವಿಯಲ್ಲಿ ಕೇಳಿದವರು ಝಾಲೋಕರ್. 1960ರಲ್ಲಿ ಅವರು ನ್ಯೂರೋಸ್ಪೋರಾ ಶಿಲೀಂಧ್ರದ ಎಳೆಗಳನ್ನು ಜೋರಾಗಿ ತಿರುಗಿಸಿ ಒಳಗಿನ ಭಾಗಗಳನ್ನು ಪದರಗಳಾಗಿಸಿದರು. ಆರ್‌ಎನ್‌ಎಯ ಘಟಕವಾದ ಯುರಿಡಿನ್‌ನ ಗುರುತು ಮೊದಲು ನ್ಯೂಕ್ಲಿಯಸ್‌ಗಳ ಪದರದಲ್ಲಿ, ಅಮೈನೋ ಆಮ್ಲದ ಗುರುತು ಮೊದಲು ಕೋಶದ್ರವ್ಯದ ಪದರದಲ್ಲಿ ಕಾಣಿಸಿಕೊಂಡಿತು.