ಜಮಾ-ಖರ್ಚಿನ ಕಾವಲು ಯಾರದ್ದು: ಪ್ರೋಗ್ರಾಮಿನದ್ದೋ, ಡೇಟಾಬೇಸಿನದ್ದೋ?

ಬೆಳಗಾವಿಯ ರವಿವಾರ ಪೇಟೆಯಂಥ ಸಗಟು ಮಾರುಕಟ್ಟೆಯಲ್ಲಿ ಹಿಂದೆ ಕೀರ್ದಿ ಬರೆಯಲು ಒಬ್ಬ ಗುಮಾಸ್ತ ಸಾಕಾಗುತ್ತಿದ್ದ. ಈಗ ಕೌಂಟರಿನ ಬಿಲ್ಲಿಂಗ್, ಗೋದಾಮಿನ ಮೊಬೈಲ್ ಆ್ಯಪ್, ಎಕ್ಸೆಲ್‌ನಿಂದ ಬರುವ ಬ್ಯಾಂಕ್ ಲೆಕ್ಕ, ಎಲ್ಲವೂ ಒಂದೇ ಡೇಟಾಬೇಸಿಗೆ ಬರೆಯುತ್ತವೆ. ಎರಡೂ ಕಡೆಯ ಮೊತ್ತ ಸರಿಹೊಂದಿದೆಯೇ ಎಂದು ಯಾರು ನೋಡಬೇಕು? ತಂತ್ರಾಂಶ ಬರೆಯುವವರಲ್ಲಿ ಇದು ಹಳೆಯ ತಕರಾರು.

ಐಬಿಎಂನಲ್ಲಿ 1974ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ರೂಪಿಸಿದ ಎಸ್‌ಕ್ಯೂಎಲ್ ಮುಖ್ಯವಾಗಿ ಡೇಟಾಬೇಸಿಗೆ ಪ್ರಶ್ನೆ (ಕ್ವೆರಿ) ಕೇಳುವ ಭಾಷೆ. ಲೆಕ್ಕದ ನಿಯಮಗಳು ಪ್ರೋಗ್ರಾಮಿನಲ್ಲೇ ಉಳಿದವು. 1980ರ ದಶಕದ ಕೊನೆಗೆ ಸೈಬೇಸ್, 1992ರಲ್ಲಿ ಒರಾಕಲ್ 7 ಎಂಬ ಡೇಟಾಬೇಸ್ ತಂತ್ರಾಂಶಗಳು ಆ ನಿಯಮಗಳನ್ನು ಡೇಟಾಬೇಸಿನೊಳಗೇ ಫಂಕ್ಷನ್, ಪ್ರೊಸೀಜರ್‌ಗಳಾಗಿ (ಹೆಸರು ಹಿಡಿದು ಕರೆದರೆ ನಡೆಯುವ ಸಣ್ಣ ಪ್ರೋಗ್ರಾಮ್‌ಗಳಾಗಿ) ಇಡಲು ಅವಕಾಶ ಕೊಟ್ಟವು. ನಿಧಾನದ ನೆಟ್‌ವರ್ಕಿನಲ್ಲಿ ಹತ್ತು ಸಲ ಹೋಗಿಬರುವ ಬದಲು ಒಂದೇ ಕರೆಗೆ ಕೆಲಸ ಮುಗಿಯುತ್ತಿತ್ತು. ಟೇಬಲ್ (ಲೆಕ್ಕದ ಸಾಲುಗಳಿರುವ ಕೋಷ್ಟಕ) ಮುಟ್ಟುವ ಹಕ್ಕನ್ನೇ ಕೊಡದೆ, ಫಂಕ್ಷನ್ ನಡೆಸುವ ಹಕ್ಕನ್ನಷ್ಟೇ ಕೊಡಬಹುದಿತ್ತು.

ಆದರೆ ವೆಬ್ ತಂತ್ರಾಂಶದವರ ಅಚ್ಚುಮೆಚ್ಚಿನ ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ಈ ಸೌಲಭ್ಯ ಬಂದದ್ದು 2005ರ 5.0 ಆವೃತ್ತಿಯಲ್ಲಿ. ಅಷ್ಟರಲ್ಲಿ ಒಂದು ಪೀಳಿಗೆಯೇ ಪಿಎಚ್‌ಪಿ, ಪರ್ಲ್ ಭಾಷೆಗಳ ಕೋಡಿನಲ್ಲೇ ನೇರ ಕ್ವೆರಿ ಬರೆದು ಪಳಗಿತ್ತು. 2006ರಲ್ಲಿ ಎಸ್‌ಕ್ಯೂಎಲ್-ಲೆಡ್ಜರ್ ಎಂಬ ಲೆಕ್ಕದ ತಂತ್ರಾಂಶದಿಂದ ಕವಲೊಡೆದ ಲೆಡ್ಜರ್‌ಎಸ್‌ಎಂಬಿ ಮಾತ್ರ ಮೆಲ್ಲಗೆ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಫಂಕ್ಷನ್‌ಗಳತ್ತ ಹೊರಳಿತು.

ಫಂಕ್ಷನ್ ಬಳಸಿದರೆ ಇಂಜೆಕ್ಷನ್ (ತುಂಬುವ ಮಾಹಿತಿಯ ಜೊತೆ ಕಿಡಿಗೇಡಿಗಳು ತಮ್ಮ ಆದೇಶವನ್ನು ಕ್ವೆರಿಯೊಳಗೆ ತೂರಿಸುವುದು) ಭಯವಿಲ್ಲ ಎಂಬ ನಂಬಿಕೆ ಅರ್ಧ ಸತ್ಯ. ಫಂಕ್ಷನ್ನಿನೊಳಗೇ ಪದ ಜೋಡಿಸಿ ಕ್ವೆರಿ ಕಟ್ಟಿದರೆ ಅದೇ ಅಪಾಯ. ನೇರ ಕ್ವೆರಿಯಲ್ಲಿ ಮಾಹಿತಿಯನ್ನು ಪ್ಯಾರಾಮೀಟರ್ ಆಗಿ, ಅಂದರೆ ಕ್ವೆರಿಯ ಪದಗಳಿಂದ ಬೇರೆಯಾಗಿ, ಕಳಿಸಿದರೆ ಅದೂ ಸುರಕ್ಷಿತ.

ಫಂಕ್ಷನ್ನಿನ ನಿಜವಾದ ಬೆಲೆ ತಿಳಿಯುವುದು ವೋಚರ್ ದಾಖಲಿಸುವಾಗ. ಡೇಟಾಬೇಸಿನ ಚೆಕ್ ನಿರ್ಬಂಧ (ಟೇಬಲ್ಲಿಗೆ ಹಾಕಿಡುವ ತಪಾಸಣೆಯ ನಿಯಮ) ಒಂದೊಂದು ಸಾಲನ್ನಷ್ಟೇ ನೋಡುತ್ತದೆ, ಇಡೀ ವೋಚರಿನ ಮೊತ್ತವನ್ನಲ್ಲ. ಎಲ್ಲ ಸಾಲುಗಳನ್ನೂ ಒಟ್ಟಿಗೆ ಪಡೆದು, ಕೂಡಿ, ಹೊಂದದಿದ್ದರೆ ತಿರಸ್ಕರಿಸುವ ಒಂದೇ ಬಾಗಿಲು ಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಲೇಬೇಕು. ಆ ಜಾಡನ್ನು ಪ್ರೋಗ್ರಾಮ್ ಮಾತ್ರ ಬರೆದರೆ, ಟೇಬಲ್‌ಗೆ ನೇರ ಕೈಹಾಕಿದವನ ಗುರುತೇ ಸಿಗದು. ಹಾಗಾಗಿ ದಾಖಲಿಸುವ ಕೆಲಸ ಡೇಟಾಬೇಸಿನಲ್ಲೇ ಇರಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಬಾಕಿ ಪಟ್ಟಿ, ತಿಂಗಳ ವಹಿವಾಟಿನಂಥ ವರದಿಗಳಿಗೆ ನೇರ ಕ್ವೆರಿಯೇ ಸಾಕು.

ತೆರಿಗೆ ದರವನ್ನಂತೂ ಫಂಕ್ಷನ್ನಿನಲ್ಲಿ ಹುದುಗಿಸಬಾರದು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ, ದರವನ್ನು ಜಾರಿ ದಿನಾಂಕದ ಸಮೇತ ಟೇಬಲ್ಲಿನಲ್ಲಿಟ್ಟವರಿಗೆ ಹೊಸ ಸಾಲುಗಳನ್ನು ಸೇರಿಸುವುದಷ್ಟೇ ಕೆಲಸ. ಕೋಡಿನಲ್ಲಿ ಬರೆದಿಟ್ಟವರು ಪ್ರತಿ ಗ್ರಾಹಕನ ಡೇಟಾಬೇಸಿನಲ್ಲೂ ಫಂಕ್ಷನ್ ಬದಲಿಸಬೇಕಿತ್ತು.